ಕಂತು ಮತ್ತು ಸಾಲು

ಡಿಸ್ನಿ ಸ್ಟುಡಿಯೋ 1967ರ ಅಕ್ಟೋಬರಿನಲ್ಲಿ ಬಿಡುಗಡೆ ಮಾಡಿದ ‘ದಿ ಜಂಗಲ್ ಬುಕ್’ ಅನಿಮೇಷನ್ ಚಿತ್ರದ ಕಡೆಯಲ್ಲಿ ಮೋಗ್ಲಿ ಕಾಡನ್ನು ಬಿಟ್ಟು ಊರು ಸೇರುತ್ತಾನೆ. ನೀರಿಗೆ ಬಂದ ಹುಡುಗಿಯ ಕೊಡವನ್ನು ತಾನು ಹೊತ್ತುಕೊಂಡು, ಒಮ್ಮೆ ಹಿಂತಿರುಗಿ ನೋಡಿ, ಅವಳ ಹಿಂದೆ ನಡೆದುಬಿಡುತ್ತಾನೆ. ಅವನ ಗೆಳೆಯರಾದ ಕರಡಿ ಬಾಲೂ, ಕರಿಚಿರತೆ ಬಘೀರ ಇಬ್ಬರೂ ಕಾಡಿನ ಕಡೆಗೆ ಹೊರಳುತ್ತಾರೆ. 78 ನಿಮಿಷಗಳ ಚಿತ್ರ ಅಲ್ಲಿಗೆ ಮುಗಿಯುತ್ತದೆ. ಈ ಚಿತ್ರದ ಕೆಲಸ ನಡೆಯುತ್ತಿದ್ದಾಗಲೇ, 1966ರ ಡಿಸೆಂಬರಿನಲ್ಲಿ, ವಾಲ್ಟ್ ಡಿಸ್ನಿ ತೀರಿಕೊಂಡರು. ಚಿತ್ರವು ತೆರೆಕಂಡುದನ್ನು ಅವರು ನೋಡಲಿಲ್ಲ.

ಇಪ್ಪತ್ತಮೂರು ವರ್ಷಗಳ ತರುವಾಯ, 1990ರಲ್ಲಿ, ಅದೇ ಸಂಸ್ಥೆ ಅದೇ ಚಿತ್ರದ ಪಾತ್ರಗಳನ್ನು ತೆಗೆದುಕೊಂಡು ‘ಟೇಲ್‌ಸ್ಪಿನ್’ ಎಂಬ ದೂರದರ್ಶನ ಸರಣಿಯನ್ನು ಮಾಡಿತು. ಅದರಲ್ಲಿ ಬಾಲೂ ಟೋಪಿ ಧರಿಸಿ ಸರಕು ಸಾಗಿಸುವ ಸಮುದ್ರವಿಮಾನವನ್ನು ಹಾರಿಸುತ್ತಾನೆ. ಕೋತಿಗಳ ದೊರೆ ಲೂಯಿ ದ್ವೀಪವೊಂದರಲ್ಲಿ ಮನರಂಜನೆಯ ಅಂಗಡಿ ಇಟ್ಟಿದ್ದಾನೆ. ಹುಲಿ ಶೇರ್ ಖಾನ್ ಸೂಟು ತೊಟ್ಟು, ಎತ್ತರದ ಕಟ್ಟಡದ ಮೇಲಂತಸ್ತಿನಲ್ಲಿ ಕುಳಿತು, ಯಾರ ಮೇಲೂ ಎಗರದೆ, ಬರೀ ಲೆಕ್ಕಾಚಾರದಿಂದ ಎಲ್ಲರನ್ನೂ ನಡುಗಿಸುವ ವ್ಯಾಪಾರಿಯಾಗಿದ್ದಾನೆ. ಕಾಡು ಹೋಗಿ ಬಂದರು ನಗರ ಬಂದಿದೆ. ಇಷ್ಟೆಲ್ಲ ಬದಲಾವಣೆಗಿಂತ ಹೆಚ್ಚು ಗಮನಿಸಬೇಕಾದದ್ದು ಇನ್ನೊಂದಿದೆ: ಈ ಸರಣಿಯಲ್ಲಿ ಮೋಗ್ಲಿ ಇಲ್ಲ.

ಇರಲು ಸಾಧ್ಯವೂ ಇರಲಿಲ್ಲ. ಮೋಗ್ಲಿ ಬೆಳೆಯುವುದೇ ಆ ಚಿತ್ರದ ಕಥೆ. ಬೆಳೆದು ಊರಿಗೆ ಹೋದವನನ್ನು ಪ್ರತಿದಿನ ಸಂಜೆ ಮತ್ತೆ ಕಾಡಿಗೆ ಕರೆತಂದು ಚಿಕ್ಕವನನ್ನಾಗಿ ಮಾಡುವುದು ಹೇಗೆ? ಚಲನಚಿತ್ರ ಒಂದು ಬದಲಾವಣೆಯನ್ನು ನೆಚ್ಚಿಕೊಂಡು ನಿಂತಿರುತ್ತದೆ. ಸರಣಿ ಬದಲಾಗದಿರುವುದನ್ನು ನೆಚ್ಚಿಕೊಂಡಿರುತ್ತದೆ. ಆದುದರಿಂದ ಸರಣಿಯವರು ಚಿತ್ರದ ಮೊದಲಿನಿಂದ ಕೊನೆಯವರೆಗೂ ಇದ್ದಂತೆಯೇ ಇದ್ದವರನ್ನು ಆರಿಸಿಕೊಂಡರು. ಕರಡಿ ಮೊದಲೂ ಸೋಮಾರಿ, ಕೊನೆಗೂ ಸೋಮಾರಿ. ಹುಲಿಗೆ ಮೊದಲೂ ಅಹಂಕಾರ, ಬಾಲಕ್ಕೆ ಬೆಂಕಿ ಬಿದ್ದ ಮೇಲೂ ಅದು ಕಳೆಯಿತೆಂದು ಹೇಳಲಾಗದು. ಇಂಥವರಿಂದ ಎಷ್ಟು ಕಂತುಗಳನ್ನು ಬೇಕಾದರೂ ಹೊಸೆಯಬಹುದು.

ಎಷ್ಟು ಎಂಬುದಕ್ಕೂ ಲೆಕ್ಕವಿತ್ತು. ಅಮೆರಿಕದ ಊರೂರಿನ ದೂರದರ್ಶನ ಕೇಂದ್ರಗಳಿಗೆ ಸರಣಿಯನ್ನು ಮಾರಬೇಕಾದರೆ ವಾರಕ್ಕೆ ಐದು ದಿನದಂತೆ ಹದಿಮೂರು ವಾರ ಓಡುವಷ್ಟು ಕಂತುಗಳು ಬೇಕಾಗಿದ್ದವು. ಐದು ಹದಿಮೂರಲ ಅರವತ್ತೈದು. ‘ಟೇಲ್‌ಸ್ಪಿನ್’ 65 ಕಂತುಗಳಿಗೆ ನಿಂತಿತು. ಕಂತೊಂದಕ್ಕೆ ಇಪ್ಪತ್ತೆರಡು ನಿಮಿಷವೆಂದು ಹಿಡಿದರೂ ಮೂಲಚಿತ್ರದ ಹದಿನೆಂಟು ಪಟ್ಟು. ಅಷ್ಟು ಚಿತ್ರಗಳನ್ನು ಬರೆಯುವ ಕೆಲಸ ಜಪಾನ್, ಕೊರಿಯ, ತೈವಾನಿನ ಸ್ಟುಡಿಯೋಗಳಿಗೆ ಹಂಚಿಹೋಯಿತು. ಚಿತ್ರಮಂದಿರಕ್ಕಾಗಿ ಮಾಡುವ ಅನಿಮೇಷನ್ ಸೆಕೆಂಡಿನ 24 ಚೌಕಟ್ಟುಗಳಿಗೆ ಹೆಚ್ಚು ಚಿತ್ರಗಳನ್ನು ಬರೆಸಿಕೊಂಡರೆ, ದೂರದರ್ಶನದ್ದು ಒಂದೇ ಚಿತ್ರವನ್ನು ಹೆಚ್ಚು ಚೌಕಟ್ಟುಗಳಿಗೆ ಎಳೆಯುತ್ತದೆ, ಹಿನ್ನೆಲೆಗಳನ್ನು ಮತ್ತೆ ಮತ್ತೆ ಬಳಸುತ್ತದೆ, ದೇಹವನ್ನು ನಿಲ್ಲಿಸಿ ಬಾಯಿಯನ್ನು ಮಾತ್ರ ಆಡಿಸುತ್ತದೆ. ಕಣ್ಣಿಗೆ ಇದು ನಷ್ಟವೇ. ಹಾಗಿದ್ದೂ ಆ ಕಾಲದ ಸರಣಿಗಳಲ್ಲಿ ಇದು ಮೇಲ್ಮಟ್ಟದ್ದೆಂಬುದನ್ನು ಒಪ್ಪಬೇಕು. ಹುಲಿಯನ್ನು ವ್ಯಾಪಾರಿಯನ್ನಾಗಿ ಮಾಡಿದವರಿಗೆ ಹುಲಿಯೂ ಗೊತ್ತಿತ್ತು, ವ್ಯಾಪಾರವೂ ಗೊತ್ತಿತ್ತು.

ತೊಂಬತ್ತರ ದಶಕದಲ್ಲಿ ಈ ಸರಣಿ ಹಿಂದಿ ಮಾತಿನೊಡನೆ ದೂರದರ್ಶನದ ಮೂಲಕ ಭಾರತಕ್ಕೆ ಬಂದಿತು. ಹಾಗೆ ಬಂದದ್ದು ದಿಂಬಂ ಘಾಟಿಯ 27 ತಿರುವುಗಳ ಮೇಲಿರುವ ತಾಳವಾಡಿಗೂ ತಲುಪಿತು.

ತಾಳವಾಡಿ ಕನ್ನಡದ ನೆಲ, ತಮಿಳುನಾಡಿನ ಆಡಳಿತ. ಹಳೆಯ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದಾಗ ಇದು ಆಚೆಯೇ ಉಳಿಯಿತು; 1979ರಿಂದ ಈರೋಡು ಜಿಲ್ಲೆ. ಸಂತೆಗೆ, ಸಂಬಂಧಕ್ಕೆ ಜನರು ನೋಡುವುದು ಚಾಮರಾಜನಗರದ ಕಡೆಗೆ. ದಾಖಲೆಗೆ, ಅರ್ಜಿಗೆ ಘಾಟಿ ಇಳಿಯಬೇಕು. ಸುತ್ತ ಕಾಡು. 2013ರಲ್ಲಿ ಆ ಕಾಡು ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶವಾಯಿತು. ಹುಲಿ, ಆನೆ, ಕರಡಿಗಳು ಅಲ್ಲಿಯ ಮಕ್ಕಳಿಗೆ ಪುಸ್ತಕದ ಪ್ರಾಣಿಗಳಲ್ಲ.

ಅಲ್ಲಿಯ ಒಂದು ಹಳ್ಳಿಯಲ್ಲಿ, ಪಂಚಾಯಿತಿಯ ಟಿ.ವಿ.ಯ ಮುಂದೆ ಭಾನುವಾರ ನೆರೆಯುತ್ತಿದ್ದ ಮಕ್ಕಳಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳಿದ್ದಳು. ಹಿಂದಿ ಅವಳಿಗೆ ಒಂದು ಅಕ್ಷರವೂ ತಿಳಿಯದು. ಜೊತೆಗಿದ್ದ ಯಾರಿಗೂ ತಿಳಿಯದು. ಆದರೆ ಅವಳ ತಾತ ಜಗಲಿಯ ತುದಿಯಲ್ಲಿ ಕುಳಿತಿರುತ್ತಿದ್ದರು. ಅವರು ದೇವರಗುಡ್ಡರು, ಮಲೆಯ ಮಾದಪ್ಪನ ಹೆಸರಿನಲ್ಲಿ ದೀಕ್ಷೆ ಪಡೆದು, ಕಂಸಾಳೆ ಹಿಡಿದು, ಹಬ್ಬಹರಕೆಗಳ ರಾತ್ರಿಗಳಲ್ಲಿ ಕಥೆ ಹಾಡುವವರು. ಮಕ್ಕಳು ತಿರುಗಿ ಅವರ ಮುಖ ನೋಡಿದಾಗ ಗೊತ್ತಿಲ್ಲವೆನ್ನುವುದು ಅವರ ವೃತ್ತಿಗೆ ಒಗ್ಗದ ಮಾತು.

“ಮರ ಹತ್ತಿ ಹತ್ತಿ ಸಾಕಾಗದ ಕನ ಕೂಸು ಅದ್ಕ. ಈಗ ಮ್ಯಾಲಿಂದ್ಲೇ ಜೇನು ಕುಯ್ಯಕ ಹೊಂಟದ” ಎಂದು ಅವರು ವಿಮಾನ ಹತ್ತಿದ ಕರಡಿಯನ್ನು ತೋರಿಸಿ ಹೇಳುತ್ತಿದ್ದರು. ಸೂಟು ತೊಟ್ಟ ಹುಲಿ ಬಂದಾಗ ಮಾತ್ರ ಅವರಿಗೆ ಕೊಂಚ ಯೋಚನೆ ಹಿಡಿಯುತ್ತಿತ್ತು. ಮಾದಪ್ಪನಿಗೆ ಹುಲಿಯೇ ವಾಹನ; ಹುಲಿಯನ್ನು ಹೀಗೆ ಮೇಜಿನ ಹಿಂದೆ ಕೂರಿಸುವುದನ್ನು ಒಪ್ಪುವುದು ಹೇಗೆ? “ಈ ಹುಲಿ ನಮ್ಮಪ್ಪಾಜಿನ ಹೊತ್ತಿಲ್ಲ. ಅದ್ಕೇ ಹಿಂಗಾಗದ, ದುಡ್ಡು ಎಣಿಸ್ತಾ ಕೂತದ” ಎಂದು ತೀರ್ಪು ಕೊಟ್ಟರು. ಮುಂದಿನ ಭಾನುವಾರಗಳಲ್ಲಿ ಆ ಹುಲಿ ಯಾವ ಕೇಡು ಮಾಡಿದರೂ ಮಕ್ಕಳಿಗೆ ಕಾರಣ ಗೊತ್ತಿತ್ತು.

ಆ ಹುಡುಗಿ ಮೂಲಚಿತ್ರವನ್ನು ನೋಡಿದ್ದು ಎಷ್ಟೋ ವರ್ಷಗಳ ಮೇಲೆ, ಮೈಸೂರಿನಲ್ಲಿ ಓದುವಾಗ, ಹಾಸ್ಟೆಲಿನ ಗೆಳತಿಯ ಕಂಪ್ಯೂಟರಿನಲ್ಲಿ. ಬಾಲೂ ನೆಲದ ಮೇಲೆ ನಡೆದುಕೊಂಡು ಬಂದಾಗ ಆಕೆಗೆ ಅದು ವಿಮಾನ ಕಳೆದುಕೊಂಡ ಬಾಲೂವೆಂದೇ ತೋರಿತು. ಮೋಗ್ಲಿಯಂತೂ ಎಲ್ಲಿಂದಲೋ ನುಗ್ಗಿ ಬಂದ ಹೊಸಬ. ಜಪಾನಿನ ನಿಪ್ಪಾನ್ ಅನಿಮೇಷನ್ 1989ರಲ್ಲಿ ಮಾಡಿದ 52 ಕಂತುಗಳ ಮತ್ತೊಂದು ಜಂಗಲ್ ಬುಕ್, ಗುಲ್ಜಾರ್ ಬರೆದ ಹಿಂದಿ ಶೀರ್ಷಿಕೆ ಗೀತೆಯೊಡನೆ 1993ರಲ್ಲಿ ದೂರದರ್ಶನದಲ್ಲಿ ಬಂದಿತ್ತು. ಅದರ ಮೋಗ್ಲಿಯನ್ನು ಆಕೆ ಬಲ್ಲಳು. ಆದರೆ ಅವನು ಬೇರೆ ಕಾಡಿನವನು, ಆ ಕಾಡಿನ ಬಾಲೂ ಬೇರೆಯೇ ಒಬ್ಬ ಗಂಭೀರ ಕರಡಿ. ಯಾವುದು ಮೂಲ, ಯಾವುದು ಕವಲು ಎಂಬ ಪ್ರಶ್ನೆಗೆ ಸ್ಟುಡಿಯೋದ ಬಳಿ ಒಂದು ಉತ್ತರವಿದೆ, ತಾಳವಾಡಿಯ ಜಗಲಿಯ ಮೇಲೆ ಇನ್ನೊಂದು. ನೋಡುವವರಿಗೆ ಮೊದಲು ಸಿಕ್ಕಿದ್ದೇ ಬೇರು.

ಮುಗಿದ ಕಥೆಯನ್ನು ಮುಗಿಯದಂತೆ ಮಾಡುವುದು ಈ ಉದ್ಯಮದ ಹಳೆಯ ತೊಡಕು. ಅದಕ್ಕೆ ಅವರು ಕಂಡುಕೊಂಡ ದಾರಿಗಳು ಒಂದೊಂದೂ ವಿಚಿತ್ರ. 1989ರ ‘ದಿ ಲಿಟಲ್ ಮರ್ಮೇಡ್’ ಚಿತ್ರದಲ್ಲಿ ಮತ್ಸ್ಯಕನ್ಯೆಗೆ ಕಾಲು ಬಂದು ಅವಳು ನೆಲದ ರಾಜಕುಮಾರನನ್ನು ಮದುವೆಯಾಗುತ್ತಾಳೆ. 1992ರಲ್ಲಿ ಆರಂಭವಾದ ಸರಣಿ ಅದಕ್ಕೂ ಹಿಂದಿನ ದಿನಗಳಿಗೆ ಹೋಗಿ, ಅವಳಿಗೆ ಇನ್ನೂ ಬಾಲವೇ ಇದ್ದ ಕಾಲದಲ್ಲಿ ನಿಂತಿತು. 1992ರ ‘ಅಲ್ಲಾದೀನ್’ ಚಿತ್ರದ ಕೊನೆಯಲ್ಲಿ ದೀಪದ ಭೂತ ಸ್ವತಂತ್ರವಾಗುತ್ತದೆ. 1994ರ ಸರಣಿಗೆ ಭೂತ ಬೇಕಲ್ಲ, ಅದು ತಾನಾಗಿಯೇ ಮರಳಿ ಬಂದು, ಮೊದಲಿಗಿಂತ ಕಡಿಮೆ ಶಕ್ತಿಯೊಡನೆ ಜೊತೆಗಿರುತ್ತದೆ. ಭೂತಕ್ಕೆ ಜೀವ ತುಂಬಿದ್ದ ರಾಬಿನ್ ವಿಲಿಯಮ್ಸ್ ಅವರ ಧ್ವನಿ ಸರಣಿಗೆ ಬರಲಿಲ್ಲ; ಡ್ಯಾನ್ ಕ್ಯಾಸ್ಟಲನೆಟ ದನಿ ಕೊಟ್ಟರು. ಅಲ್ಲಾದೀನ್ ಮತ್ತು ಜಾಸ್ಮಿನ್ ಸರಣಿಯ 86 ಕಂತುಗಳುದ್ದಕ್ಕೂ ಮದುವೆಯಾಗದೆ ಕಾದರು. ಎಲ್ಲಕ್ಕಿಂತ ಧೈರ್ಯದ ಉಪಾಯ 2010ರ ‘ಟ್ಯಾಂಗಲ್ಡ್’ ಚಿತ್ರದ್ದು. ಅಲ್ಲಿ ನಾಯಕಿಯ ಮಾಯದ ಉದ್ದಗೂದಲು ಕತ್ತರಿಸಿಹೋಗುವುದೇ ಕಥೆಯ ತುದಿ. 2017ರ ಸರಣಿಯಲ್ಲಿ ಕೂದಲು ಮತ್ತೆ ಬೆಳೆಯಿತು. ಆ ಕತ್ತರಿಗೆ ಚಿತ್ರದಲ್ಲಿದ್ದ ಬೆಲೆ ಇದರಿಂದ ಎಷ್ಟು ಉಳಿಯಿತು ಎಂಬುದು ಬೇರೆ ಮಾತು.

ಇವುಗಳ ನಡುವೆ ಒಂದು ಮಾತ್ರ ಕಥೆಯ ಒಳಗಿನಿಂದಲೇ ಮೊಳೆತದ್ದು. 2002ರ ‘ಲೀಲೋ ಅಂಡ್ ಸ್ಟಿಚ್’ ಚಿತ್ರದಲ್ಲಿ ಸ್ಟಿಚ್ ಎಂಬ ಪುಟ್ಟ ಅನ್ಯಲೋಕದ ಜೀವಿ ಒಬ್ಬ ವಿಜ್ಞಾನಿಯ 626ನೆಯ ಪ್ರಯೋಗ. ಹವಾಯಿ ದ್ವೀಪದ ಅನಾಥ ಹುಡುಗಿ ಲೀಲೋ ಅದನ್ನು ನಾಯಿಯೆಂದು ಭಾವಿಸಿ ಮನೆಗೆ ತರುತ್ತಾಳೆ. ನಾಶಕ್ಕೆಂದೇ ಹುಟ್ಟಿಸಿದ ಜೀವಿ ಒಂದು ಕುಟುಂಬಕ್ಕೆ ಸೇರಿಕೊಳ್ಳುತ್ತದೆ. 626ನೆಯದು ಇದ್ದರೆ ಅದಕ್ಕೂ ಹಿಂದಿನ 625 ಎಲ್ಲಿ? ಚಿತ್ರದಲ್ಲಿ ಸುಮ್ಮನೆ ಬಂದುಹೋದ ಆ ಸಂಖ್ಯೆಯನ್ನು ಹಿಡಿದು 2003ರಲ್ಲಿ ಸರಣಿ ಕಟ್ಟಿದರು. ಕಂತಿಗೊಂದು ಜೀವಿ ಸಿಗುತ್ತದೆ, ಊರಿನಲ್ಲಿ ಹಾವಳಿ ಮಾಡುತ್ತದೆ, ಕೊನೆಗೆ ಅದಕ್ಕೆ ತಕ್ಕ ಒಂದು ನೆಲೆ ದೊರೆಯುತ್ತದೆ. ಲೀಲೋ ಮತ್ತು ಸ್ಟಿಚ್ ಇದ್ದಂತೆಯೇ ಇರುತ್ತಾರೆ, ಬದಲಾಗುವುದು ಬಂದವರು.

ತಾಳವಾಡಿಯ ಶ್ರೋತೃಗಳಿಗೆ ಈ ಕಟ್ಟಡ ಹೊಸದಲ್ಲ.

ಮಲೆಯ ಮಾದೇಶ್ವರ ಕಾವ್ಯವನ್ನು ಹಾಡುವವರು ಅದನ್ನು ಸಾಲುಗಳಾಗಿ ವಿಂಗಡಿಸುತ್ತಾರೆ. ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಶ್ರವಣ ದೊರೆಯ ಸಾಲು, ಜುಂಜೇಗೌಡನ ಸಾಲು, ಇಕ್ಕೇರಿ ದೇವಮ್ಮನ ಸಾಲು. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಪಾಠವನ್ನು ಕೆ. ಕೇಶವನ್ ಪ್ರಸಾದ್ ಸಂಪಾದಿಸಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಹೊರತಂದಿದ್ದಾರೆ; ಅದನ್ನು ಕೈಯಲ್ಲಿ ಹಿಡಿದವರಿಗೆ ಅದರ ಗಾತ್ರವೇ ಬೆರಗು ಹುಟ್ಟಿಸುತ್ತದೆ. ಆದರೆ ಪುಸ್ತಕವನ್ನು ಓದುವಂತೆ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಇದನ್ನು ಊರಿನಲ್ಲಿ ಯಾರೂ ಕೇಳುವುದಿಲ್ಲ. ಹರಕೆ ಹೊತ್ತ ಮನೆಯವರು ಯಾವ ಸಾಲು ಬೇಕೆಂದು ಕೇಳುತ್ತಾರೆ; ಗುಡ್ಡರು ಅದನ್ನು ಹಾಡುತ್ತಾರೆ; ಬೆಳಗಾಗುತ್ತದೆ. ಒಬ್ಬ ಹುಡುಗಿ ಮೊದಲು ಸಂಕಮ್ಮನನ್ನು ಕೇಳಿ, ಎರಡು ವರ್ಷದ ಮೇಲೆ ಮಾದಪ್ಪ ಹುಟ್ಟಿದ್ದನ್ನು ಕೇಳಿದರೆ ಅದರಿಂದ ಯಾವ ತೊಂದರೆಯೂ ಇಲ್ಲ.

ಪ್ರತಿ ಸಾಲಿನಲ್ಲಿಯೂ ಮಾದಪ್ಪ ಒಬ್ಬರ ಬಾಗಿಲಿಗೆ ಬರುತ್ತಾನೆ. ಕೆಲವರು ಗುರುತಿಸುತ್ತಾರೆ, ಕೆಲವರು ಓಡಿಸುತ್ತಾರೆ. ಸಿರಿವಂತಿಕೆಯ ಮದದಲ್ಲಿದ್ದ ಕಾಳಮ್ಮ ತನ್ನ ಸಿರಿಯಿಂದಲೇ ಕೆಡುತ್ತಾಳೆ. ಗಂಡ ನೀಲಯ್ಯ ಕೇಳಿದ ಭಾಷೆಯನ್ನು ಕೊಡಲೊಲ್ಲದೆ ಹಿಂಸೆಗೆ ಒಳಗಾದ ಸಂಕಮ್ಮ ಕಾಡಿನ ನಡುವೆ ಒಬ್ಬಳೇ ಮಾದಪ್ಪನನ್ನು ಕರೆಯುತ್ತಾಳೆ, ಅವನ ವರದಿಂದ ಕಾರಯ್ಯ ಬಿಲ್ಲಯ್ಯರನ್ನು ಪಡೆಯುತ್ತಾಳೆ. ಮಾದಪ್ಪ ಮುಂದಿನ ಬಾಗಿಲಿಗೆ ನಡೆಯುತ್ತಾನೆ. ಅವನು ಬದಲಾಗುವವನಲ್ಲ, ಅವನನ್ನು ಕಂಡವರು ಮೊದಲಿನಂತೆ ಇರಲಾರರು. ‘ಟೇಲ್‌ಸ್ಪಿನ್’ ಮೋಗ್ಲಿಯನ್ನು ಬಿಟ್ಟು ಬಾಲೂವನ್ನು ಏಕೆ ಇಟ್ಟುಕೊಂಡಿತೆಂಬುದು ಈ ಕಾವ್ಯವನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸೆಕೆಂಡಿಗೆ ಇಷ್ಟೇ ಚಿತ್ರವೆಂದು ಸ್ಟುಡಿಯೋ ಮಿತವ್ಯಯ ಮಾಡುವಂತೆ ಗುಡ್ಡರಿಗೂ ಮಿತವ್ಯಯವುಂಟು: ಬೆಟ್ಟದ ವರ್ಣನೆ, ಮಾದಪ್ಪ ಹೊರಟು ನಿಂತ ಬಗೆ, ಅವನ ಹೊಗಳಿಕೆ, ಇವೆಲ್ಲ ಸಿದ್ಧ ನುಡಿಗಟ್ಟುಗಳಾಗಿ ಪ್ರತಿ ಸಾಲಿನಲ್ಲಿಯೂ ಬರುತ್ತವೆ. ಹಾಡುವವನಿಗೆ ಅಷ್ಟು ಹೊತ್ತು ಉಸಿರಾಡಲು, ಮುಂದಿನದನ್ನು ಹೊಂದಿಸಿಕೊಳ್ಳಲು ಬಿಡುವು.

ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಕಾರ್ಟೂನು ಸರಣಿಯ ಕಂತಿಗೆ ಮರೆವು ಬೇಕು. ಕೇಂದ್ರದವರು ಯಾವ ಕಂತನ್ನು ಯಾವ ದಿನ ಬೇಕಾದರೂ ಹಾಕಬಹುದಾದ್ದರಿಂದ ಸೋಮವಾರ ಮುರಿದ ವಿಮಾನ ಮಂಗಳವಾರ ಸರಿಯಾಗಿರಬೇಕು; ನಿನ್ನೆಯ ಜಗಳ ಇಂದಿಗೆ ಅಂಟಬಾರದು. ಸಾಲನ್ನೂ ಯಾವ ರಾತ್ರಿ ಬೇಕಾದರೂ ಹಾಡಬಹುದು. ಆದರೆ ಅದು ಮರೆಯುವುದಿಲ್ಲ. ಸಂಕಮ್ಮನ ಮಕ್ಕಳಾದ ಕಾರಯ್ಯ ಬಿಲ್ಲಯ್ಯರು ಆ ಸಾಲು ಮುಗಿದ ಮೇಲೆ ಮಾಯವಾಗುವುದಿಲ್ಲ. ಮಾದಪ್ಪನ ಪರಿವಾರಕ್ಕೆ ಸೇರುತ್ತಾರೆ. ಯಾವ ಸಾಲನ್ನು ಕೇಳಿದರೂ ಹಿಂದೆ ಕೇಳಿದ ಸಾಲುಗಳ ಜನ ಸುತ್ತ ನಿಂತಿರುವರೆಂಬ ಅರಿವು ಕೇಳುವವರಿಗಿರುತ್ತದೆ. ತುಂಡು ಮಾಡುವುದರಿಂದ ಕಥೆ ಕೆಡುವುದಿಲ್ಲ. ತುಂಡುಗಳು ಒಂದನ್ನೊಂದು ಮರೆತಾಗ ಕೆಡುತ್ತದೆ. ಈಚಿನ ಕೆಲವು ಸರಣಿಗಳು, ಮೇಲೆ ಹೇಳಿದ ಉದ್ದಗೂದಲಿನದೂ ಸೇರಿ, ಕಂತಿನಿಂದ ಕಂತಿಗೆ ನೆನಪನ್ನು ಒಯ್ಯತೊಡಗಿವೆ. ಅದು ಅವುಗಳ ಭಾಗ್ಯ.

ಕಂಸಾಳೆಯ ತಾತ ತೀರಿಕೊಂಡಾಗ ಅವರು ಬಲ್ಲ ಸಾಲುಗಳು ಯಾವ ಯಂತ್ರದಲ್ಲಿಯೂ ದಾಖಲಾಗಿರಲಿಲ್ಲ. ಮಗ ತಾಳವಾಡಿಯ ಎಲೆಕೋಸನ್ನು ಮೇಟುಪಾಳ್ಯದ ಮಾರುಕಟ್ಟೆಗೆ ಸಾಗಿಸುವ ಕಸುಬು ಹಿಡಿದಿದ್ದ. ರಾತ್ರಿ ಕುಳಿತು ಕಲಿಯುವ ಬಿಡುವು ಅವನಿಗಿರಲಿಲ್ಲ. ಮೊಮ್ಮಗಳಿಗೆ ಸಂಕಮ್ಮನ ಸಾಲಿನ ಕಥೆ ಪೂರ್ತಿ ಗೊತ್ತು, ಪದ ಅಲ್ಲೊಂದು ಇಲ್ಲೊಂದು. ಕಥೆ ಗೊತ್ತಿದ್ದು ಪದ ಗೊತ್ತಿಲ್ಲದಿರುವುದೆಂದರೆ ಏನೆಂದು ಗುಡ್ಡರ ಮನೆಯವರಿಗೆ ಮಾತ್ರ ತಿಳಿದೀತು.

ಆಕೆ ಈಗ ಅದೇ ಬೆಟ್ಟದ ಮೇಲಿನ ಒಂದು ಕನ್ನಡ ಮಾಧ್ಯಮದ ಶಾಲೆಯಲ್ಲಿ ಶಿಕ್ಷಕಿ. ಆಕೆಯ ತರಗತಿಯ ಮಕ್ಕಳ ಭಾಷೆಯ ಪಾಡು ಸರಳವಾಗಿಲ್ಲ. ಮನೆಯಲ್ಲಿ ಕನ್ನಡ. 2006ರ ಕಾಯಿದೆಯ ಬಳಿಕ ತಮಿಳು ಕಡ್ಡಾಯದ ಪಾಠ. ಅದು ಬೇಕಾದದ್ದೂ ಹೌದು, ಬಸ್ಸಿಗೆ, ಆಸ್ಪತ್ರೆಗೆ, ಕಚೇರಿಗೆ ಅದಿಲ್ಲದೆ ನಡೆಯದು. ಅನುಕೂಲವಿದ್ದವರು ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಹಾಕುತ್ತಾರೆ. ಇನ್ನು ಮನೆಯ ಟಿ.ವಿ.; 2006ರ ಚುನಾವಣೆಯ ನಂತರ ತಮಿಳುನಾಡು ಸರ್ಕಾರ ಉಚಿತವಾಗಿ ಹಂಚಿದ ಬಣ್ಣದ ಟಿ.ವಿ.ಗಳು ಈ ಬೆಟ್ಟದ ಮನೆಗಳಿಗೂ ಬಂದವು. ಅದರ ಹಿಂದೆಯೇ 2007ರಲ್ಲಿ ಮಕ್ಕಳಿಗಾಗಿ ತಮಿಳಿನಲ್ಲಿ ಚುಟ್ಟಿ ಟಿ.ವಿ., 2009ರಲ್ಲಿ ಕನ್ನಡದಲ್ಲಿ ಚಿಂಟು ಟಿ.ವಿ. ಆರಂಭವಾದವು. ಕೇಬಲ್ಲಿನವರು ಯಾವುದನ್ನು ಕೊಟ್ಟರೋ ಆ ಮನೆಯ ಮಕ್ಕಳಿಗೆ ಕಾರ್ಟೂನು ಆ ಭಾಷೆಯಲ್ಲಿ.

ಇಲ್ಲಿ ಕನ್ನಡಿಗರು ನಿಂತು ಯೋಚಿಸಬೇಕಾದ ಒಂದು ಸಂಗತಿಯಿದೆ. ಅ.ನ.ಕೃ. ಅವರು ಮತ್ತು ಇದೇ ತಾಳವಾಡಿಯ ಗಾಜನೂರಿನ ನಂಟಿನ ರಾಜ್‌ಕುಮಾರ್ ಅವರು ಅರವತ್ತರ ದಶಕದಲ್ಲಿ ಮುಂದೆ ನಿಂತು ನಡೆಸಿದ ಡಬ್ಬಿಂಗ್ ವಿರೋಧಿ ಚಳವಳಿಯಿಂದ ಕನ್ನಡ ಚಿತ್ರೋದ್ಯಮ ತನ್ನ ಕಾಲ ಮೇಲೆ ನಿಂತಿತು. ಅದರ ಋಣ ದೊಡ್ಡದು. ಕಾನೂನಿನಲ್ಲಿ ಇಲ್ಲದಿದ್ದರೂ ಉದ್ಯಮದ ಕಟ್ಟಳೆಯಾಗಿ ಅದು ಅರ್ಧ ಶತಮಾನ ಉಳಿಯಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದನ್ನು ತಪ್ಪೆಂದಿತು. ಆ ನಡುವಣ ಕಾಲದಲ್ಲಿ ಜಗತ್ತಿನ ಅನಿಮೇಷನ್ ಚಿತ್ರಗಳು ಹಿಂದಿ, ತಮಿಳು, ತೆಲುಗು ಮಾತಾಡಿದವು, ಕನ್ನಡ ಮಾತಾಡಲಿಲ್ಲ. ಕಾರ್ಟೂನು ಸರಣಿಗಳು ಮಾತ್ರ 2009ರಿಂದ ಮಕ್ಕಳ ವಾಹಿನಿಯಲ್ಲಿ ಕನ್ನಡ ಮಾತಾಡಿದವು. ಕಲೆಯಲ್ಲಿ ಮೇಲಾದ ಚಿತ್ರ ಪರಭಾಷೆಯಲ್ಲಿ, ಅದರ ಅಗ್ಗದ ಮರಿ ತಾಯಿನುಡಿಯಲ್ಲಿ. ಮಗು ಯಾವುದಕ್ಕೆ ಒಲಿಯುತ್ತದೆಂದು ಕೇಳಬೇಕಿಲ್ಲ. ಕಾರ್ಟೂನನ್ನು ಹೀಗಳೆಯುವ ಹಿರಿಯರು ಇದನ್ನು ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ. 2025ರ ಜುಲೈಯಲ್ಲಿ ಹೊಂಬಾಳೆ ಸಂಸ್ಥೆಯು ಅರ್ಪಿಸಿದ ‘ಮಹಾವತಾರ್ ನರಸಿಂಹ’ ಅನಿಮೇಷನ್ ಚಿತ್ರ ಕನ್ನಡದಲ್ಲಿಯೂ ತೆರೆಕಂಡಿತು. ಕನ್ನಡದ ಮಕ್ಕಳು ಚಿತ್ರಮಂದಿರದಲ್ಲಿ ಕುಳಿತು ತಮ್ಮ ಮಾತಿನಲ್ಲಿ ಅಂಥದೊಂದನ್ನು ನೋಡಿದರು.

ಶಿಕ್ಷಕಿ ಒಂದು ವರ್ಷ ತನ್ನ ನಾಲ್ಕು ಮತ್ತು ಐದನೆಯ ತರಗತಿಯ ಮಕ್ಕಳಿಗೆ ‘ದಿ ಜಂಗಲ್ ಬುಕ್’ ಚಿತ್ರವನ್ನು ತೋರಿಸಬೇಕೆಂದುಕೊಂಡರು. ಕನ್ನಡದ ಪ್ರತಿ ಸಿಗಲಿಲ್ಲ. ಒಂದೇ ದಿನ 78 ನಿಮಿಷ ತೋರಿಸಲು ಪಿರಿಯಡ್ಡು ಸಾಲದು, ವಿದ್ಯುತ್ತನ್ನೂ ನಂಬುವಂತಿಲ್ಲ, ಸಂಜೆ ಹೊತ್ತು ಮಾಡಿದರೆ ಕಾಡಂಚಿನ ಮಕ್ಕಳು ಆನೆ ಇಳಿಯುವುದರೊಳಗೆ ಮನೆ ಸೇರಲಾಗದು. ಹೀಗಾಗಿ ಶುಕ್ರವಾರದ ಕೊನೆಯ ಪಿರಿಯಡ್ಡಿನಲ್ಲಿ ಹತ್ತು ಹತ್ತು ನಿಮಿಷದಂತೆ, ಎಂಟು ವಾರ. ಲ್ಯಾಪ್‌ಟಾಪಿನ ಧ್ವನಿಯನ್ನು ನಿಲ್ಲಿಸಿ, ಪಕ್ಕದಲ್ಲಿ ನಿಂತು, ಎಲ್ಲರ ಮಾತನ್ನೂ ಆಕೆಯೇ ಕನ್ನಡದಲ್ಲಿ ಹೇಳುವುದು. ಹಾಡು ಬಂದಾಗ ಮಾತ್ರ ಧ್ವನಿ ಬಿಡುವುದು. ಅಮೆರಿಕದವರು ಹದಿಮೂರು ವಾರದ ಲೆಕ್ಕಕ್ಕೆ ಸರಣಿ ಮಾಡಿದರೆ, ಇಲ್ಲಿ ಶಾಲೆಯ ಗಂಟೆಯ ಲೆಕ್ಕಕ್ಕೆ ಆಯಿತು.

ಮೊದಲ ವಾರ ಮಕ್ಕಳು ಸುಮ್ಮನೆ ನೋಡಿದರು. ಎರಡನೆಯ ವಾರ ಚಿತ್ರ ಹಾಕುವ ಮೊದಲು, ಹಿಂದಿನ ವಾರ ಏನಾಯಿತೆಂದು ಆಕೆ ಕೇಳಿದರು. ಒಬ್ಬ ಹೇಳತೊಡಗಿದ, ಇನ್ನೊಬ್ಬಳು ತಿದ್ದಿದಳು. ಮೂರನೆಯ ವಾರದ ಹೊತ್ತಿಗೆ ತಿದ್ದುವವರೇ ಹೆಚ್ಚಾದರು. ಆನೆಗಳ ದಂಡು ಸೈನ್ಯದಂತೆ ಸಾಲಾಗಿ ಬಂದಾಗ, ಮುಂದೆ ಮೀಸೆಯ ಕರ್ನಲ್ಲನಂತಿದ್ದ ಗಂಡಾನೆಯನ್ನು ಕಂಡು ಸೋಲಿಗರ ಹುಡುಗಿ ತಡೆದಳು: “ಟೀಚರೇ, ಗಂಡಾನ ಮುಂದ ಬರಲ್ಲ. ಮುದುಕಿ ಆನೇ ಮುಂದ ಬರದು. ಅವಳು ನಿಂತ್ರ ಎಲ್ಲವೂ ನಿಂತ್ಕತವ.” ಅವಳು ಹೇಳಿದ್ದೇ ದಿಟ, ಆನೆಯ ಹಿಂಡನ್ನು ನಡೆಸುವುದು ಹಿರಿಯ ಹೆಣ್ಣಾನೆ. ಆ ದಿನದಿಂದ ಶಿಕ್ಷಕಿಯ ಕನ್ನಡದಲ್ಲಿ ಕರ್ನಲ್ ಅಜ್ಜಿಯಾದಳು. ದೊರೆ ಲೂಯಿಯನ್ನು ನೋಡಿ ಇದು ಯಾವ ಕೋತಿಯೆಂದು ಮಕ್ಕಳು ಮುಖ ಮುಖ ನೋಡಿಕೊಂಡರು. ಅದೂ ನ್ಯಾಯವೇ. ಒರಾಂಗುಟಾನ್ ಭಾರತದ ಕಾಡಿನದಲ್ಲ. ಕಿಪ್ಲಿಂಗನ 1894ರ ಪುಸ್ತಕದಲ್ಲಿಯೂ ಅವನಿಲ್ಲ, ಚಿತ್ರದವರು ಹಾಡಿಗೋಸ್ಕರ ಸೇರಿಸಿಕೊಂಡವನು. ಹೆಬ್ಬಾವು ಕಣ್ಣಿನಿಂದ ಮರುಳು ಮಾಡುವುದನ್ನು ಯಾರೂ ಒಪ್ಪಲಿಲ್ಲ. ಕರಡಿ ಸ್ನೇಹಿತನೆಂಬುದನ್ನು ಒಪ್ಪಲು ಎರಡು ವಾರ ಹಿಡಿಯಿತು, ಏಕೆಂದರೆ ಸೌದೆಗೆ, ನೆಲ್ಲಿಕಾಯಿಗೆ ಹೋಗುವವರ ಮನೆಗಳಲ್ಲಿ ಹುಲಿಗಿಂತ ಕರಡಿಯ ಹೆಸರಿಗೇ ಹೆಚ್ಚು ಅಂಜಿಕೆ.

ಐದನೆಯ ವಾರ ಹಿಂದಿನ ಕಥೆಯನ್ನು ಹೇಳುವುದಕ್ಕೇ ಇಪ್ಪತ್ತು ನಿಮಿಷವಾಯಿತು. ಚಿತ್ರಕ್ಕೆ ಏಳು ನಿಮಿಷ ಉಳಿಯಿತು. ಮಕ್ಕಳು ಹೇಳುತ್ತಿದ್ದ ಕಥೆಯಲ್ಲಿ ಚಿತ್ರದಲ್ಲಿಲ್ಲದ ಹೊಂಡ, ಹಳ್ಳ, ಬೆಂಕಿರೇಖೆ, ಫಾರೆಸ್ಟಿನವರ ಜೀಪು ಎಲ್ಲ ಸೇರಿಕೊಂಡಿದ್ದವು. ಮನೆಯಲ್ಲಿ ಕಾರ್ಟೂನಿನ ತಮಿಳಿನಲ್ಲಿಯೇ ಹೊಡೆದಾಟವನ್ನು ಆಡುತ್ತಿದ್ದ ಹುಡುಗರು ಇಲ್ಲಿ ಹೊದರು, ಜಾಡು, ತರಗು, ಮಡು ಎಂದು ತಮ್ಮ ಅಜ್ಜಿಯರ ಮಾತುಗಳನ್ನು ಹುಡುಕಿ ತರುತ್ತಿದ್ದರು; ಹಾಗೆ ಹೇಳದಿದ್ದರೆ ಪಕ್ಕದವರು ನಡುವೆ ಬಾಯಿ ಹಾಕಿ ಕಥೆಯನ್ನು ಕಸಿದುಕೊಳ್ಳುತ್ತಿದ್ದರು. ಹಿಂದಿನ ವಾರ ನಡೆದುದನ್ನು ಯಾರೂ ಬಿಟ್ಟುಕೊಡಲಿಲ್ಲ. ಎರಡನೆಯ ವಾರ ಮರೆಯಾದ ಆನೆಮರಿಯೊಂದನ್ನು ಒಬ್ಬ ಹುಡುಗ ಏಳನೆಯ ವಾರದವರೆಗೂ ಕಾಯ್ದುಕೊಂಡಿದ್ದ. ಅದು ಈಗ ಎಲ್ಲಿದೆಯೆಂದು ಪ್ರತಿ ಶುಕ್ರವಾರ ಕೇಳುತ್ತಿದ್ದ.

ಎಂಟನೆಯ ವಾರ ಶೇರ್ ಖಾನನ ಬಾಲಕ್ಕೆ ಮೋಗ್ಲಿ ಉರಿಯುವ ಕೊಂಬೆಯನ್ನು ಕಟ್ಟಿದ. ಹುಲಿ ಅದನ್ನು ಎಳೆದುಕೊಂಡು ಬಯಲಿನಲ್ಲಿ ಓಡಿ ಮರೆಯಾಯಿತು. ನೀರಿನ ಹುಡುಗಿ ಬಂದಳು. ಮೋಗ್ಲಿ ಕೊಡ ಹೊತ್ತು ಊರಿಗೆ ನಡೆದ. ಕರಡಿ, ಚಿರತೆ ಕಾಡಿಗೆ ಹೊರಟರು. ಶಿಕ್ಷಕಿ ಲ್ಯಾಪ್‌ಟಾಪ್ ಮುಚ್ಚಿದರು. ಕಥೆ ಮುಗಿಯಿತೆಂದರು.

ಮುಗಿದದ್ದನ್ನು ತರಗತಿ ಒಪ್ಪಲಿಲ್ಲ. ಮೋಗ್ಲಿಯ ವಿಷಯ ಯಾರೂ ಎತ್ತಲಿಲ್ಲ. ಅವನು ಊರಿಗೆ ಹೋದ, ಶಾಲೆಗೆ ಸೇರಿರುತ್ತಾನೆ, ಅವನದು ಆಯಿತು. ಹುಲಿ ಎಲ್ಲಿ ಹೋಯಿತೆಂಬುದೇ ಎಲ್ಲರ ಪ್ರಶ್ನೆ. ಬೆಂಕಿ ಹತ್ತಿದ ಬಾಲದೊಡನೆ ಅದು ಎಷ್ಟು ದೂರ ಓಡೀತು? ಒಬ್ಬ ಅದನ್ನು ಬಂಡೀಪುರದ ಕಡೆಗೆ ಓಡಿಸಿದ. ಇನ್ನೊಬ್ಬ ಹಳ್ಳದಲ್ಲಿ ಬಾಲ ಅದ್ದಿಸಿದ. ಶಿಕ್ಷಕಿ ಈ ಎಂಟು ವಾರಗಳಲ್ಲಿ ತನ್ನ ತಾತನ ಮಾತನ್ನು, ಮೇಜಿನ ಹಿಂದೆ ಕುಳಿತಿದ್ದ ಹುಲಿಯನ್ನು ಕುರಿತು ಯಾರಿಗೂ ಹೇಳಿರಲಿಲ್ಲ. ಕಡೆಯ ಸಾಲಿನಲ್ಲಿ ಕುಳಿತಿದ್ದ, ಆನೆಮರಿಯನ್ನು ಕಾಯ್ದುಕೊಂಡಿದ್ದ ಹುಡುಗ ಎದ್ದು ನಿಂತ.

“ಅದು ಮಾದಪ್ಪನ ಬೆಟ್ಟಕ್ಕ ಹೋಯ್ತು ಟೀಚರೇ. ಅಲ್ಲಿ ಅಪ್ಪಾಜಿ ನಡ್ಕಂಡು ಬತ್ತಿತ್ತು, ಕಾಲು ನೋಯ್ತಿತ್ತು. ಬೆಂಕಿ ಆರಿಸಿ ಮ್ಯಾಲ ಹತ್ಕತ್ತು.”

“ಆನೆಮರಿ?” ಎಂದು ಯಾರೋ ಕೇಳಿದರು.

“ಅದೂ ಹಿಂದ ಹೋಯ್ತದ. ನಾ ಇನ್ನೂ ಅಲ್ಲಿಗಂಟ ಬಂದಿಲ್ಲ ಕನ” ಎಂದ ಹುಡುಗ.

ಗಂಟೆ ಹೊಡೆಯಿತು. ಕಾಡಂಚಿನ ಮಕ್ಕಳು ಚೀಲ ಹೆಗಲಿಗೇರಿಸಿದರು. ಮುಂದಿನ ಶುಕ್ರವಾರಕ್ಕೆ ಚಿತ್ರವೇನೂ ಉಳಿದಿರಲಿಲ್ಲ. ಆದರೂ ಕೊನೆಯ ಪಿರಿಯಡ್ಡನ್ನು ಅದಕ್ಕೇ ಬಿಡಬೇಕೆಂದು, ಅವನು ಎಲ್ಲಿಗೆ ನಿಲ್ಲಿಸಿದನೋ ಅಲ್ಲಿಂದ ಹೇಳಬೇಕೆಂದು ಅವರು ಬಾಗಿಲಲ್ಲಿಯೇ ಒಪ್ಪಂದ ಮಾಡಿಕೊಂಡು ಹೋದರು.